ಹಿಂದಿನ ರಾತ್ರಿಯ ಕನಸು

ಸುಮಾರು ಇಪ್ಪತ್ತು ವರ್ಷ ನಾನು ಒಂದೇ ಕಥೆ ಹೇಳಿಕೊಂಡು ಬಂದೆ. ಕರೆಂಟ್ ಹೋಗಿ ಎಲ್ಲರೂ ಕತ್ತಲಲ್ಲಿ ಕೂತಾಗ, ರಾತ್ರಿ ಪ್ರಯಾಣದಲ್ಲಿ ಯಾರಿಗೂ ನಿದ್ದೆ ಹತ್ತದೆ ಮಾತು ದೆವ್ವ ಭೂತದ ಕಡೆ ಹೊರಳಿದಾಗ, ನನ್ನ ಸರದಿ ಬಂದರೆ ಇದೇ ಕಥೆ.

ನಾನಾಗ ಹಾಸ್ಟೆಲ್‌ನಲ್ಲಿದ್ದೆ. ಒಂದು ರಾತ್ರಿ ಕನಸು ಬಿತ್ತು. ಹೊಳೆಯ ಆಚೆ ದಡದಲ್ಲಿ ಸೋದರಮಾವ ನಿಂತಿದ್ದಾರೆ. ಬೆನ್ನು ನನ್ನ ಕಡೆ. ಕೂಗಿದರೆ ತಿರುಗುವುದಿಲ್ಲ. ಇನ್ನೊಂದು ಸಲ ಕೂಗಿದೆ. ಕೈ ಮಾತ್ರ ಎತ್ತಿದರು, ಬರಬೇಡ ಅನ್ನುವ ಹಾಗೆ. ಎಚ್ಚರವಾಗಿ ಗಡಿಯಾರ ನೋಡಿದರೆ ಮೂರು ಗಂಟೆ. ಮತ್ತೆ ನಿದ್ದೆ ಬರಲಿಲ್ಲ. ಬೆಳಗ್ಗೆ ಏಳೂವರೆಗೆ ಹಾಸ್ಟೆಲ್ ಫೋನ್ ಹೊಡೆದುಕೊಂಡಿತು. ನನ್ನ ಹೆಸರು ಕೂಗಿದಾಗಲೇ ವಿಷಯ ಏನು ಅಂತ ನನಗೆ ಗೊತ್ತಿತ್ತು.

ಇಲ್ಲಿಗೆ ಬಂದು ನಿಲ್ಲಿಸಬೇಕು. ಅದು ನನಗೆ ರೂಢಿಯಾಗಿತ್ತು. ಒಂದೆರಡು ಕ್ಷಣ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ತೋಳು ಮುಂದೆ ಚಾಚಿ ‘ನೋಡಿ, ರೋಮ ಎದ್ದಿದೆ’ ಅನ್ನುತ್ತಾರೆ. ಅದರ ಹಿಂದೆಯೇ ಇನ್ನೊಬ್ಬರ ಕಥೆ ಶುರು. ಅವರಿಗೂ ಒಬ್ಬ ಚಿಕ್ಕಪ್ಪ, ಒಬ್ಬ ಗೆಳೆಯ, ಹೊರಡುವ ಮೊದಲು ಯಾಕೋ ಬೇಡ ಅನಿಸಿದ ಒಂದು ಪ್ರಯಾಣ ಇದ್ದೇ ಇರುತ್ತದೆ.

ಹೋದ ವರ್ಷ ಹಳೇ ಟ್ರಂಕ್ ಖಾಲಿ ಮಾಡುವಾಗ ಹಾಸ್ಟೆಲ್ ಕಾಲದ ಡೈರಿ ಸಿಕ್ಕಿತು. ನನಗೆ ಮೊದಲು ನೆನಪಾದದ್ದು ಆ ರಾತ್ರಿಯೇ. ನನ್ನ ಕಥೆಗೆ ಕೊನೆಗೂ ಒಂದು ಸಾಕ್ಷಿ ಸಿಕ್ಕಿತಲ್ಲ ಅಂತ ಖುಷಿಯಿಂದ ಪುಟ ತಿರುವಿದೆ. ಮಾವ ತೀರಿಕೊಂಡ ದಿನದ ಪುಟದಲ್ಲಿ ಇಷ್ಟೇ ಇತ್ತು: ‘ಬೆಳಗ್ಗೆ ಅಪ್ಪನ ಫೋನ್. ಮಾವ ಹೋದರಂತೆ. ನಂಬೋಕಾಗ್ತಿಲ್ಲ. ರಾತ್ರಿ ಬಸ್ಸಿಗೆ ಹೊರಡಬೇಕು.’ ಕನಸಿನ ಸುದ್ದಿಯೇ ಇಲ್ಲ. ಹಿಂದಿನ ದಿನದ ಪುಟದಲ್ಲಿ ಪರೀಕ್ಷೆಯ ಗೋಳು. ಒಂಬತ್ತು ದಿನ ಮುಂದೆ ಹೋದರೆ, ಅಲ್ಲಿದೆ. ಹೊಳೆ, ಆಚೆ ದಡ, ಎತ್ತಿದ ಕೈ, ಮೂರು ಗಂಟೆ. ಎಲ್ಲ ನನ್ನದೇ ಅಕ್ಷರದಲ್ಲಿ.

ಅಂದರೆ ಕನಸು ಬಿದ್ದದ್ದು ನಿಜ. ಬಿದ್ದದ್ದು ಮಾವ ಹೋದ ಮೇಲೆ.

ಸ್ವಲ್ಪ ಹೊತ್ತು ಹಾಗೇ ನೆಲದ ಮೇಲೆ ಕೂತಿದ್ದೆ. ಇಷ್ಟು ವರ್ಷ ನಾನು ಸುಳ್ಳು ಹೇಳಿದೆನಾ? ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳು ಅಂತ ಗೊತ್ತಿರಬೇಕಲ್ವಾ. ನನಗೆ ಗೊತ್ತಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಕನಸು, ಅದರ ಬೆನ್ನಿಗೇ ಫೋನಿನ ಸದ್ದು, ಇದೇ ಸಾಲಿನಲ್ಲಿ ಬರುತ್ತವೆ. ಡೈರಿ ಹೇಳಿದರೂ ನೆನಪು ಕೇಳುವುದಿಲ್ಲ.

ಇದು ನನ್ನೊಬ್ಬನ ಕಾಯಿಲೆಯಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸಿಡಿಯಿತು. ಮರುದಿನ ಬೆಳಗ್ಗೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಉಲ್ರಿಕ್ ನೈಸರ್ ವಿದ್ಯಾರ್ಥಿಗಳ ಕೈಗೆ ಒಂದು ಹಾಳೆ ಕೊಟ್ಟರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ ಅಂತ ಬರೆಸಿಕೊಂಡರು. ಎರಡೂವರೆ ವರ್ಷ ಬಿಟ್ಟು, ಅವರಲ್ಲಿ 44 ಜನರಿಗೆ ಅವವೇ ಪ್ರಶ್ನೆ ಕೇಳಿದರು. 11 ಜನ ಹೇಳಿದ್ದರಲ್ಲಿ ಮುಖ್ಯವಾದ ಒಂದು ವಿವರವೂ ಮೊದಲಿನದಕ್ಕೆ ಹೊಂದಲಿಲ್ಲ. ನೆನಪು ಎಷ್ಟು ಸ್ಪಷ್ಟವಾಗಿದೆ ಅಂತ ಕೇಳಿದರೆ ಮಾತ್ರ ಬಹಳ ಸ್ಪಷ್ಟ ಅನ್ನುವವರೇ ಜಾಸ್ತಿ. ಅವರದೇ ಕೈಬರಹ ತೋರಿಸಿದರೂ ಹಳೇ ನೆನಪು ಮರಳಿ ಬರಲಿಲ್ಲ. ಹೊಸದೇ ಗಟ್ಟಿಯಾಗಿ ಕೂತಿತ್ತು.

ಇದು ಗೊತ್ತಾದ ಮೇಲೆ ಹಳೇ ಪ್ರಸಿದ್ಧ ಕನಸುಗಳ ಕಥೆಗಳನ್ನು ಬೇರೆ ಕಣ್ಣಿನಲ್ಲಿ ನೋಡತೊಡಗಿದೆ. ಕನಸು ಬಿದ್ದದ್ದು ಯಾವಾಗ ಅನ್ನುವುದಕ್ಕಿಂತ, ಅದನ್ನು ಕಾಗದಕ್ಕೆ ಇಳಿಸಿದ್ದು ಯಾವಾಗ ಅಂತ ಮೊದಲು ಹುಡುಕುತ್ತೇನೆ. ಲಿಂಕನ್ ತನ್ನ ಶವವನ್ನು ತಾನೇ ಕನಸಿನಲ್ಲಿ ಕಂಡ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅದನ್ನು ಹೇಳಿದ್ದು ಅವನ ಗೆಳೆಯ. ಅದು ಅಚ್ಚಾದದ್ದು ಲಿಂಕನ್ ಸತ್ತು ಹತ್ತಾರು ವರ್ಷಗಳ ಮೇಲೆ.

ಈ ಸಾಲಿನಲ್ಲಿ ನನಗೆ ತುಂಬಾ ಇಷ್ಟವಾದವನು ಜೆ. ಡಬ್ಲ್ಯೂ. ಡನ್. ಬ್ರಿಟಿಷ್ ಸೈನಿಕ, ಆಮೇಲೆ ವಿಮಾನ ಎಂಜಿನಿಯರ್. ಕನಸಿನಲ್ಲಿ ನಾಳೆಯೂ ಇಣುಕುತ್ತದೆ ಅಂತ ನಂಬಿ 1927ರಲ್ಲಿ ಒಂದು ಪುಸ್ತಕವನ್ನೇ ಬರೆದ. 1902ರಲ್ಲಿ ಅವನು ದಕ್ಷಿಣ ಆಫ್ರಿಕಾದಲ್ಲಿದ್ದಾಗ ಒಂದು ಕನಸು ಬಿತ್ತು. ಒಂದು ದ್ವೀಪ, ಅಲ್ಲಿನ ಬೆಟ್ಟ ಸಿಡಿಯುತ್ತದೆ, ನಾಲ್ಕು ಸಾವಿರ ಜನ ಸಾಯುತ್ತಾರೆ ಅಂತ ಅವನು ಕನಸಿನಲ್ಲೇ ಅಧಿಕಾರಿಗಳ ಮುಂದೆ ಗೋಗರೆಯುತ್ತಾನೆ. ಆಮೇಲೆ ಅಂಚೆಯಲ್ಲಿ ಬಂದ ಪತ್ರಿಕೆ ತೆರೆದರೆ ಮಾರ್ಟಿನಿಕ್ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದ ಸುದ್ದಿ. ಪತ್ರಿಕೆ ಕೊಟ್ಟ ಸಾವಿನ ಅಂದಾಜು 40,000. ಅವನು ಅವಸರದಲ್ಲಿ ಅದನ್ನು 4,000 ಅಂತ ಓದಿಕೊಂಡ. ಎಷ್ಟೋ ವರ್ಷ ಹಾಗೇ ಹೇಳಿಕೊಂಡೂ ಬಂದ. ಆ ಸುದ್ದಿಯನ್ನು ನಕಲು ಮಾಡಿಕೊಳ್ಳುವಾಗಲೇ ಒಂದು ಸೊನ್ನೆ ಬಿಟ್ಟದ್ದು ಗೊತ್ತಾದದ್ದು. ನಿಜವಾಗಿ ಸತ್ತವರು ಸುಮಾರು 28,000.

ಇದಕ್ಕೆ ಡನ್ ಕೊಟ್ಟ ವಿವರಣೆ ನೋಡಿ. ತಾನು ಕನಸಿನಲ್ಲಿ ಕಂಡದ್ದು ಜ್ವಾಲಾಮುಖಿಯನ್ನಲ್ಲ, ಮುಂದೆ ತಾನು ಪತ್ರಿಕೆ ಓದುವ ಆ ಗಳಿಗೆಯನ್ನು, ಓದುವಾಗ ಮಾಡಲಿರುವ ತಪ್ಪನ್ನೂ ಸೇರಿಸಿ! ಬುದ್ಧಿವಂತ ಮನುಷ್ಯ, ಪ್ರಾಮಾಣಿಕನೂ ಹೌದು. ಇಲ್ಲದಿದ್ದರೆ ಆ ಸೊನ್ನೆಯ ವಿಷಯ ಬಾಯಿಬಿಡುತ್ತಲೇ ಇರಲಿಲ್ಲ. ಆದರೆ ನನ್ನ ಡೈರಿ ಓದಿದ ಮೇಲೆ ನನಗೆ ಹೊಳೆಯುವುದು ಇನ್ನೂ ಸರಳವಾದ ದಾರಿ. ಆ ನಾಲ್ಕು ಸಾವಿರ ಅನ್ನುವ ಅಂಕಿ ಪತ್ರಿಕೆಯಿಂದ ಹಿಂದಕ್ಕೆ ಹೋಗಿ ಕನಸಿನ ನೆನಪಿನೊಳಗೆ ಸೇರಿಕೊಂಡಿರಬೇಕು. ನನ್ನ ಹೊಳೆ ಒಂಬತ್ತು ದಿನ ಹಿಂದಕ್ಕೆ ಹರಿದ ಹಾಗೆ.

ಹಾಗಾದರೆ ಮುಂಚೆಯೇ ಬರೆಸಿಕೊಂಡರೆ? ಘಟನೆ ನಡೆಯುವ ಮೊದಲೇ ತಾರೀಖು ಹಾಕಿ ಇಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ. ಈ ಕೆಲಸಕ್ಕೆ ಒಬ್ಬ ಮನೋವೈದ್ಯ ನಿಜಕ್ಕೂ ಕೈ ಹಾಕಿದ್ದ. ಅವನನ್ನು ಅದಕ್ಕೆ ಹಚ್ಚಿದ್ದು ಒಂದು ಘೋರ ದುರಂತ.

1966ರ ಅಕ್ಟೋಬರ್ 21, ಶುಕ್ರವಾರ. ವೇಲ್ಸ್‌ನ ಅಬರ್‌ಫ್ಯಾನ್ ಅನ್ನುವ ಗಣಿಹಳ್ಳಿ. ಊರಿನ ನೆತ್ತಿಯ ಮೇಲೆ ಗುಡ್ಡದಲ್ಲಿ ಕಲ್ಲಿದ್ದಲು ಗಣಿಯ ಕಸ ಸುರಿದು ಸುರಿದು ರಾಶಿಗಳೆದ್ದಿದ್ದವು. ಬೆಳಗ್ಗೆ ಒಂಬತ್ತೂಕಾಲಿನ ಸುಮಾರಿಗೆ ಅದರಲ್ಲಿ ಏಳನೇ ರಾಶಿ ಜಾರಿ ನೇರ ಶಾಲೆಯ ಮೇಲೆ ಬಂತು. ಸತ್ತವರು 144 ಜನ. ಅದರಲ್ಲಿ 116 ಮಕ್ಕಳು. ಸತ್ತ ಹುಡುಗಿಯೊಬ್ಬಳು ಹಿಂದಿನ ದಿನ ಅಮ್ಮನಿಗೆ ತನ್ನ ಕನಸು ಹೇಳಿದ್ದಳಂತೆ. ಶಾಲೆಗೆ ಹೋದೆ, ಅಲ್ಲಿ ಶಾಲೆಯೇ ಇರಲಿಲ್ಲ, ಏನೋ ಕಪ್ಪಗಿನದು ಮೇಲಿಂದ ಬಂದು ಮುಚ್ಚಿಬಿಟ್ಟಿತ್ತು ಅಂತ.

ಇದನ್ನು ಓದಿದಾಗ ಲೆಕ್ಕ, ತರ್ಕ ಎಲ್ಲ ಒಂದು ಕ್ಷಣ ಕೈಬಿಡುತ್ತವೆ. ನನಗೂ ಹಾಗೇ ಆಯಿತು.

ಜಾನ್ ಬಾರ್ಕರ್ ಅನ್ನುವ ಆ ವೈದ್ಯ ಲಂಡನ್ನಿನ ಒಂದು ಪತ್ರಿಕೆಯ ಮೂಲಕ ಜನರನ್ನು ಕೇಳಿದ: ಯಾರಿಗಾದರೂ ಇದು ಮೊದಲೇ ಗೊತ್ತಾಗಿತ್ತಾ? 76 ಪತ್ರ ಬಂದವು. ಇಪ್ಪತ್ತಕ್ಕೂ ಹೆಚ್ಚು ಜನ ದುರಂತಕ್ಕೆ ಮುಂಚೆಯೇ ಬೇರೆಯವರ ಹತ್ತಿರ ಹೇಳಿಕೊಂಡಿದ್ದರು. ಇಷ್ಟಾದ ಮೇಲೆ ಸುಮ್ನೆ ಕೂರುವುದು ಹೇಗೆ? ಪತ್ರಿಕೆಯ ವಿಜ್ಞಾನ ವರದಿಗಾರನ ಜೊತೆ ಸೇರಿ 1967ರಲ್ಲಿ ಬಾರ್ಕರ್ ಒಂದು ಮುನ್ಸೂಚನಾ ಕಚೇರಿಯನ್ನೇ ತೆರೆದ. ಕನಸು ಬಿದ್ದವರು, ಮನಸ್ಸಿಗೆ ಕೆಟ್ಟದ್ದು ಹೊಳೆದವರು ಬರೆದು ಕಳಿಸಬೇಕು. ಬಂದ ದಿನ, ಸಮಯ ಗುರುತು ಹಾಕಿ ಇಡುತ್ತಿದ್ದರು. ಮುಂದೆ ನಡೆದದ್ದಕ್ಕೆ ಹೋಲಿಸಿ ನೋಡುವುದು. ನೂರಾರು ಮುನ್ಸೂಚನೆಗಳು ಬಂದವು. ಬಹುಪಾಲು ಎಲ್ಲಿಗೂ ಮುಟ್ಟಲಿಲ್ಲ. ಸರಿಬಂದವು ಅಂತ ಬರೆದುಕೊಂಡ ಕೆಲವೇ ಕೆಲವು ಹೆಚ್ಚಾಗಿ ಇಬ್ಬರೇ ಕಳಿಸಿದ್ದವು. ಒಬ್ಬಾಕೆ ಸಂಗೀತ, ನೃತ್ಯ ಹೇಳಿಕೊಡುವವಳು, ಇನ್ನೊಬ್ಬ ಟೆಲಿಫೋನ್ ಆಪರೇಟರ್. ಒಂದೇ ಒಂದು ಅಪಘಾತವನ್ನು ತಡೆಯುವುದಕ್ಕೂ ಆ ಕಚೇರಿಯಿಂದ ಆಗಲಿಲ್ಲ.

ಅಬರ್‌ಫ್ಯಾನ್ ವಿಷಯದಲ್ಲಿ ನನ್ನನ್ನು ಕಾಡುವುದು ಆ ಕನಸುಗಳಲ್ಲ. 1963ರ ಒಂದು ಪತ್ರ. ಶಾಲೆಯ ಹಿಂದೆ ಸುರಿಯುತ್ತಿರುವ ಕಲ್ಲಿದ್ದಲು ಕೆಸರಿನಿಂದ ಅಪಾಯ ಇದೆ ಅಂತ ಸ್ಥಳೀಯ ಆಡಳಿತದ ಎಂಜಿನಿಯರ್ ಬರೆದದ್ದು. ಆ ರಾಶಿ ಹಾಕಿದ್ದೇ ನೀರಿನ ಒರತೆಯ ಮೇಲೆ. ನಕ್ಷೆಯಲ್ಲೂ ಆ ಒರತೆ ಇತ್ತು. ಪತ್ರ ಬರೆದದ್ದು ದುರಂತಕ್ಕೆ ಮೂರು ವರ್ಷ ಮುಂಚೆ, ಹಗಲು ಹೊತ್ತಿನಲ್ಲಿ, ಟೈಪ್ ಮಾಡಿ. ವಿಚಾರಣೆ ನಡೆಸಿದ ಮಂಡಳಿ ತಪ್ಪೆಲ್ಲ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯದೇ ಅಂತ ಹೇಳಿತು. ಆ ಹುಡುಗಿಯೂ ದಿನಾ ಅದೇ ರಾಶಿಯ ಕೆಳಗೆ ಓಡಾಡಿದವಳೇ. ದೊಡ್ಡವರು ಊಟದ ಹೊತ್ತಲ್ಲಿ ಅದರ ಬಗ್ಗೆ ಆತಂಕದಿಂದ ಮಾತಾಡಿದ್ದು ಅವಳ ಕಿವಿಗೆ ಬಿದ್ದಿರಲಿಕ್ಕೂ ಸಾಕು. ಮುನ್ಸೂಚನೆ ಬೇಕಾದಷ್ಟಿತ್ತು. ಅದಕ್ಕೆ ಅತೀಂದ್ರಿಯ ಶಕ್ತಿಯೇನೂ ಬೇಕಿರಲಿಲ್ಲ.

ದೂರದವರ ಕನಸುಗಳ ಮಾತೇನು ಅಂತ ಕೇಳಬಹುದು. ಬೆಟ್ಟ ಕಾಣದವರಿಗೂ ಕನಸು ಬಿತ್ತಲ್ಲ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಲೆಕ್ಕ ಬೇಜಾರು ಅನ್ನುವವರು ಒಂದು ಪ್ಯಾರಾ ದಾಟಿ ಬನ್ನಿ.

ಪ್ರಪಂಚದಲ್ಲಿ ದಿನಕ್ಕೆ 1,60,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಒಬ್ಬೊಬ್ಬರಿಗೂ ಹತ್ತು ಜನ ಆಪ್ತರು ಅಂತ ಇಟ್ಟುಕೊಳ್ಳಿ. ದಿನಕ್ಕೆ 16 ಲಕ್ಷ ಜನ ತಮ್ಮವರನ್ನು ಕಳೆದುಕೊಂಡ ಹಾಗಾಯಿತು. ಈಗ, ಒಬ್ಬ ಮನುಷ್ಯನಿಗೆ ಹತ್ತು ವರ್ಷಕ್ಕೆ ಒಂದೇ ಒಂದು ಸಲ, ತನ್ನ ಹತ್ತು ಜನ ಆಪ್ತರಲ್ಲಿ ಯಾರೋ ಒಬ್ಬರು ಸತ್ತ ಕನಸು ಬೀಳುತ್ತದೆ ಅನ್ನೋಣ. ತೀರಾ ಕಂಜೂಸು ಲೆಕ್ಕ ಇದು. ಹತ್ತು ವರ್ಷಕ್ಕೆ 3,650 ರಾತ್ರಿ. ಸರಿಯಾದ ರಾತ್ರಿ, ಸರಿಯಾದ ಮನುಷ್ಯ, ಎರಡೂ ಕೂಡಿಬರುವುದು 36,500ಕ್ಕೆ ಒಂದು ಸಲ. 16 ಲಕ್ಷವನ್ನು ಅದರಿಂದ ಭಾಗಿಸಿದರೆ ನಲವತ್ತಕ್ಕೂ ಹೆಚ್ಚು. ಅಂದರೆ ಯಾವ ಪವಾಡವೂ ಇಲ್ಲದೆ, ಬರೀ ಆಕಸ್ಮಿಕವಾಗಿ, ಪ್ರತಿ ದಿನ ನಲವತ್ತಕ್ಕೂ ಹೆಚ್ಚು ಜನ ಹಿಂದಿನ ರಾತ್ರಿಯೇ ಆ ಸಾವನ್ನು ಕನಸಿನಲ್ಲಿ ಕಂಡಿರುತ್ತಾರೆ. ವರ್ಷಕ್ಕೆ ಸುಮಾರು 16,000 ಜನ. ಆ ಆಪ್ತರು ಮೊದಲೇ ಕಾಯಿಲೆ ಬಿದ್ದಿದ್ದರೆ ಅಂಥ ಕನಸು ಇನ್ನೂ ಜಾಸ್ತಿ.

ಇಂಥದೇ ಲೆಕ್ಕವನ್ನು ಭೌತವಿಜ್ಞಾನಿ ಲೂಯಿಸ್ ಆಲ್ವಾರೆಜ್ 1965ರಲ್ಲೇ ಮಾಡಿದ್ದರು. ಪತ್ರಿಕೆ ಓದುವಾಗ ಎಷ್ಟೋ ವರ್ಷ ನೆನಪೇ ಆಗದಿದ್ದ ಒಬ್ಬ ಪರಿಚಿತನ ನೆನಪಾಯಿತಂತೆ. ಕೆಲವೇ ನಿಮಿಷದಲ್ಲಿ ಅದೇ ಪತ್ರಿಕೆಯಲ್ಲಿ ಅವನು ಸತ್ತ ಸುದ್ದಿ ಕಂಡಿತು. ಬೆಚ್ಚಿಬಿದ್ದರು. ಬೇರೆಯವರಾಗಿದ್ದರೆ ನನ್ನ ಹಾಗೆ ಇಪ್ಪತ್ತು ವರ್ಷ ಕಥೆ ಹೇಳುತ್ತಿದ್ದರು. ಇವರು ಪೆನ್ನು ತೆಗೆದುಕೊಂಡು ಕೂತರು. ಅಮೆರಿಕ ಒಂದರಲ್ಲೇ ವರ್ಷಕ್ಕೆ ಸುಮಾರು 3,000 ಜನರಿಗೆ ಇಂಥದ್ದು ಆಕಸ್ಮಿಕವಾಗಿ ಆಗಬೇಕು ಅಂತ ಲೆಕ್ಕ ಹಾಕಿ ‘ಸೈನ್ಸ್’ ಪತ್ರಿಕೆಗೆ ಬರೆದರು. ಮೂರು ವರ್ಷದ ಮೇಲೆ ಅವರಿಗೆ ನೊಬೆಲ್ ಬಂತು. ಅದು ಬೇರೆ ಕೆಲಸಕ್ಕೆ ಬಿಡಿ.

ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಚೆನ್ನಾದ ಮಾತಿದೆ! ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಕಾಗೆಗಳು ದಿನವಿಡೀ ಕೂರುತ್ತವೆ, ಹಾರುತ್ತವೆ, ಯಾರೂ ನೋಡುವುದಿಲ್ಲ. ಮುರಿದ ಕೊಂಬೆಯ ಕಾಗೆಯೊಂದೇ ಕಣ್ಣಿಗೆ ಬೀಳುತ್ತದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಲೇಖಕ ಸಿಸೆರೋ ಕೂಡ ಇದನ್ನೇ ಹೇಳುವ ಒಂದು ಪ್ರಸಂಗ ಬರೆದಿದ್ದಾನೆ. ಡಯಾಗೊರಸ್ ಅನ್ನುವ ನಾಸ್ತಿಕನಿಗೆ ಒಬ್ಬ ಗೆಳೆಯ ಹರಕೆಯ ಚಿತ್ರಗಳನ್ನು ತೋರಿಸಿದ. ಬಿರುಗಾಳಿಯಲ್ಲಿ ಸಿಕ್ಕಿ, ದೇವರಿಗೆ ಮೊರೆಯಿಟ್ಟು, ಬದುಕಿ ಬಂದವರು ಬರೆಸಿದ್ದು. ಇನ್ನೂ ನಂಬಿಕೆ ಬರಲಿಲ್ಲವಾ ಅಂದ. ಮುಳುಗಿಹೋದವರ ಚಿತ್ರ ಎಲ್ಲೂ ಬರೆಸಿಲ್ಲವಲ್ಲ ಅಂದನಂತೆ ಡಯಾಗೊರಸ್.

ಡೈರಿ ಸಿಕ್ಕ ಮೇಲೆ ನಾನೂ ಮೂರು ತಿಂಗಳು ಒಂದು ಪುಸ್ತಕ ಇಟ್ಟೆ. ಕೆಟ್ಟ ಕನಸು ಬಿದ್ದರೆ, ಏನೋ ಆಗುತ್ತೆ ಅಂತ ಎದೆ ಡವಗುಟ್ಟಿದರೆ, ತಕ್ಷಣ ಬರೆಯುವುದು. ಆ ಪುಸ್ತಕದ ಪ್ರಕಾರ ನನ್ನ ಮಗಳಿಗೆ ಎರಡು ಸಲ ಅಪಘಾತವಾಗಬೇಕಿತ್ತು. ಗೆಳೆಯನೊಬ್ಬನಿಗೆ ಹೃದಯಾಘಾತ ಆಗಬೇಕಿತ್ತು. ನನ್ನ ಕೆಲಸ ಹೋಗಬೇಕಿತ್ತು. ಯಾವುದೂ ಆಗಲಿಲ್ಲ. ಆಶ್ಚರ್ಯ ಏನೆಂದರೆ, ಬರೆದ ವಾರದಲ್ಲೇ ಅವೆಲ್ಲ ನನಗೆ ಮರೆತೇಹೋಗಿದ್ದವು. ಪುಸ್ತಕ ಇಲ್ಲದಿದ್ದರೆ ನನಗೆ ಅಂಥ ಭಯ ಬಂದೇ ಇಲ್ಲ ಅಂತ ಆಣೆ ಮಾಡುತ್ತಿದ್ದೆ.

ಪ್ರಯೋಗಾಲಯದವರೂ ಕೈಬಿಟ್ಟವರಲ್ಲ. 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡ್ಯಾರಿಲ್ ಬೆಮ್ ಒಂಬತ್ತು ಪ್ರಯೋಗಗಳ ವರದಿ ಪ್ರಕಟಿಸಿದರು. ಪರದೆಯ ಮೇಲೆ ಎರಡು ತೆರೆ. ಯಾವುದರ ಹಿಂದೆ ಚಿತ್ರ ಇದೆ ಹೇಳಿ ಅನ್ನುತ್ತಾರೆ. ನೀವು ಆರಿಸಿದ ಮೇಲೆ ಕಂಪ್ಯೂಟರ್ ಜಾಗ ತೀರ್ಮಾನ ಮಾಡುತ್ತದೆ. ಸುಮ್ನೆ ಊಹಿಸಿದರೆ ನೂರಕ್ಕೆ 50 ಸರಿಬರಬೇಕು. ಬಂದದ್ದು 53.1. ಅದೂ ಕಾಮಪ್ರಚೋದಕ ಚಿತ್ರಗಳಿಗೆ ಮಾತ್ರ. ನಮ್ಮ ಆರನೇ ಇಂದ್ರಿಯಕ್ಕೆ ಆಸಕ್ತಿ ಇರುವುದು ಯಾವುದರಲ್ಲಿ ಅಂತ ಇದರಿಂದ ತಿಳಿಯಬಹುದೇನೋ! ಆಮೇಲೆ ಬೇರೆಯವರು ಬೆಮ್ ಅವರ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದರು. ಆ ಫಲ ಅವರಿಗೆ ಸಿಗಲಿಲ್ಲ. ಇಷ್ಟು ಅಚ್ಚುಕಟ್ಟಾದ ಲೆಕ್ಕದಿಂದ ಇಂಥ ಫಲ ಹೊರಡುವುದಾದರೆ ನಾವು ಲೆಕ್ಕ ಮಾಡುವ ರೀತಿಯಲ್ಲೇ ಏನೋ ಐಬಿದೆ ಅಂತ ಮನೋವಿಜ್ಞಾನದವರಿಗೆ ಚಿಂತೆ ಹತ್ತಿತು. ಆ ಕ್ಷೇತ್ರ ತನ್ನನ್ನು ತಾನೇ ಜಾಲಾಡಿಕೊಳ್ಳುವುದಕ್ಕೆ ಈ ವರದಿಯೂ ಒಂದು ಕಾರಣವಾಯಿತು. ಅಮೆರಿಕದ ಸರ್ಕಾರವೂ, ದೂರದಲ್ಲಿರುವುದು ಕೂತಲ್ಲೇ ಮನಸ್ಸಿಗೆ ಕಾಣುತ್ತದೆ ಅನ್ನುವವರನ್ನು ಬೇಹುಗಾರಿಕೆಗೆ ಹಚ್ಚಿ ಎರಡು ದಶಕ ಕಾದು, ಉಪಯೋಗವಿಲ್ಲ ಅಂತ 1995ರಲ್ಲಿ ಅಂಗಡಿ ಮುಚ್ಚಿತು.

ಹಾಗಂತ ‘ಮನಸ್ಸಿಗೆ ಮೊದಲೇ ಅನಿಸಿತ್ತು’ ಅನ್ನುವುದೆಲ್ಲ ಭ್ರಮೆ ಅಂತ ನಾನು ಒಪ್ಪುವುದಿಲ್ಲ. ನನಗೆ ಹೆಚ್ಚು ಕುತೂಹಲ ಇರುವುದು ಇಲ್ಲೇ.

ಗ್ಯಾರಿ ಕ್ಲೈನ್ ಅನ್ನುವ ಮನೋವಿಜ್ಞಾನಿ ಅಗ್ನಿಶಾಮಕ ದಳದವರನ್ನು ಮಾತಾಡಿಸುತ್ತ ಹೋದಾಗ ಒಬ್ಬ ಅಧಿಕಾರಿ ತನಗೆ ಅತೀಂದ್ರಿಯ ಶಕ್ತಿ ಇದೆ ಅಂದ. ಒಂದು ಮನೆಯ ಅಡುಗೆಮನೆಯಲ್ಲಿ ಬೆಂಕಿ. ಇವನು ತಂಡದ ಜೊತೆ ಒಳಗೆ ಹೋಗಿ ನೀರು ಹೊಡೆದ. ಬೆಂಕಿ ಬಗ್ಗಲಿಲ್ಲ. ಅವನಿಗೆ ಯಾಕೋ ಸರಿಯಿಲ್ಲ ಅನಿಸಿತು. ಏನು ಅಂತ ಗೊತ್ತಿಲ್ಲ. ಎಲ್ಲರೂ ಹೊರಗೆ ನಡೀರಿ ಅಂದ. ಅವರು ಹೊರಗೆ ಬರುತ್ತಿದ್ದ ಹಾಗೆ ನೆಲವೇ ಕುಸಿಯಿತು. ಬೆಂಕಿ ಇದ್ದದ್ದು ನೆಲದಡಿಯ ಕೋಣೆಯಲ್ಲಿ. ಅಲ್ಲೊಂದು ಕೋಣೆ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಕ್ಲೈನ್ ಕೆದಕಿ ಕೆದಕಿ ಕೇಳಿದಾಗ ಒಂದೊಂದೇ ಹೊರಬಂತು. ಅಷ್ಟು ಸಣ್ಣ ಬೆಂಕಿಗೆ ಕೋಣೆ ಜಾಸ್ತಿ ಬಿಸಿಯಾಗಿತ್ತು. ಅಷ್ಟು ಬಿಸಿಗೆ ಸದ್ದು ತೀರಾ ಕಡಿಮೆ ಇತ್ತು. ವರ್ಷಗಟ್ಟಲೆ ಬೆಂಕಿಯ ಜೊತೆ ಒಡನಾಡಿದ ಮೈಗೆ ಆ ತಾಳ ತಪ್ಪಿದ್ದು ಗೊತ್ತಾಗಿತ್ತು. ಬಾಯಿಗೆ ಗೊತ್ತಾಗಿರಲಿಲ್ಲ, ಅಷ್ಟೆ.

ವೈದ್ಯರಲ್ಲೂ ಇಂಥದ್ದೊಂದಿದೆ. ಹೃದಯಾಘಾತ ಆಗುವ ಹೊತ್ತಲ್ಲಿ, ತೀವ್ರ ಅಲರ್ಜಿಯಾದಾಗ, ಹೊಂದದ ರಕ್ತ ಕೊಟ್ಟಾಗ, ಕೆಲವು ರೋಗಿಗಳು ‘ನನಗೇನೋ ಆಗ್ತಿದೆ, ನಾನು ಉಳಿಯಲ್ಲ’ ಅನ್ನುತ್ತಾರೆ. ಬೇರೆ ಲಕ್ಷಣ ಸರಿಯಾಗಿ ಕಾಣಿಸುವುದಕ್ಕೆ ಮುಂಚೆಯೇ ಹಾಗೆ ಅನ್ನುವುದುಂಟು. ವೈದ್ಯಕೀಯ ಪುಸ್ತಕಗಳು ಆ ಮಾತನ್ನೇ ಒಂದು ಲಕ್ಷಣ ಅಂತ ಪಟ್ಟಿ ಮಾಡುತ್ತವೆ. ಕಲಿತ ನರ್ಸ್ ಅದನ್ನು ಕೇಳಿ ನಗುವುದಿಲ್ಲ. ರಕ್ತದ ಕೊಳವೆ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತಾಳೆ.

ಇದಕ್ಕೆ ವಿರುದ್ಧ ದಿಕ್ಕೂ ಒಂದಿದೆ. ಬಾರ್ಕರ್‌ನ ಕಚೇರಿಗೆ ಬರೆಯುತ್ತಿದ್ದ ಆ ಇಬ್ಬರು ಅವನ ಪ್ರಾಣಕ್ಕೇ ಅಪಾಯವಿದೆ ಅಂತ ಎಚ್ಚರಿಸಿದ್ದರು. 1968ರ ಆಗಸ್ಟ್‌ನಲ್ಲಿ, 44ರ ವಯಸ್ಸಿಗೆ, ಮಿದುಳಿನಲ್ಲಿ ರಕ್ತಸ್ರಾವವಾಗಿ ಬಾರ್ಕರ್ ಸತ್ತ. ಸಾವಿನ ಭವಿಷ್ಯ ಕೇಳಿದ ಭಯದಿಂದಲೇ ಜನ ಸಾಯಬಹುದಾ ಅನ್ನುವುದೂ ಅವನು ಅದುವರೆಗೆ ಅಭ್ಯಾಸ ಮಾಡುತ್ತಿದ್ದ ವಿಷಯವೇ. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಮೈ ಜುಮ್ಮೆನ್ನುವುದು ನಿಲ್ಲುವುದಿಲ್ಲ.

ಡೈರಿ ಹಿಡಿದುಕೊಂಡು ಅಮ್ಮನ ಹತ್ತಿರ ಹೋದೆ. ತೀರಿಕೊಂಡದ್ದು ಅವಳ ತಮ್ಮ. ನನ್ನ ಕಥೆಯನ್ನು ನನಗಿಂತ ಹೆಚ್ಚು ಸಲ ಅವಳೇ ಬೇರೆಯವರಿಗೆ ಹೇಳಿದ್ದಾಳೆ. ಕೊನೇ ಗಳಿಗೆಯಲ್ಲಿ ಅಕ್ಕನ ಮಗುವಿಗೆ ಹೇಳಿ ಹೋದ ನೋಡಿ ಅಂತ.

‘ಅಮ್ಮ, ಆ ಕನಸು ಹಿಂದಿನ ರಾತ್ರಿ ಬಿದ್ದದ್ದಲ್ಲ. ಆಮೇಲೆ ಬಿದ್ದದ್ದು’ ಅಂದೆ.

‘ಯಾರು ಹೇಳಿದ್ದು? ಫೋನಲ್ಲಿ ನೀನೇ ಹೇಳಲಿಲ್ವಾ? ನಾನಿನ್ನೂ ವಿಷಯವೇ ಎತ್ತಿರಲಿಲ್ಲ, ಅಷ್ಟರಲ್ಲಿ ಮಾವ ಕನಸಲ್ಲಿ ಬಂದಿದ್ದರು ಅಂದೆ ನೀನು. ನನಗೆ ನಿನ್ನೆ ಮೊನ್ನೆ ಕೇಳಿದ ಹಾಗಿದೆ.’

ಅವತ್ತು ಫೋನ್ ಮಾಡಿದ್ದು ಅಪ್ಪ. ಅಮ್ಮ ಆಗ ಆಸ್ಪತ್ರೆಯಲ್ಲಿದ್ದಳು. ಅದನ್ನು ಹೇಳಲಿಲ್ಲ. ಡೈರಿ ತೆರೆದು ಕೈಗೆ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಎರಡೂ ಪುಟಗಳನ್ನು ನಿಧಾನವಾಗಿ ಓದಿದಳು. ಹೊಳೆಯ ಪುಟದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಡೈರಿ ಮುಚ್ಚಿ ನನ್ನ ಕೈಗೆ ಕೊಟ್ಟಳು.

‘ಅವತ್ತಿನ ಗಾಬರಿಲಿ ಬರೆಯೋದು ಮರೆತಿರ್ತೀಯ ಬಿಡು’ ಅಂದಳು.